ಓನರ್ ಅವರ ಗುಂಡು ತುಂಬುವ ಕೊಳವೆ

ನಾನು ಕೂತ ಕಡೆ ಕೂರುವವಳಲ್ಲ. ಊಟಕ್ಕೆ ಕೂತರೂ ನಾಲ್ಕು ತುತ್ತಿಗೊಮ್ಮೆ ಎದ್ದು ಕಿಟಕಿಯಲ್ಲಿ ಇಣುಕಿ ಬರುತ್ತಿದ್ದೆ. “ಇವಳ ಕಾಲಿಗೆ ಚಕ್ರ ಇದೆ” ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು, ಹೆಮ್ಮೆಯಿಂದೇನೂ ಅಲ್ಲ. ಎಂಬತ್ತರ ದಶಕದ ನಡುವಿನ ಆ ವರ್ಷವಂತೂ ನನ್ನ ಸ್ಥಿತಿ ಹೇಳತೀರದು. ಪಾಲಿಟೆಕ್ನಿಕ್ ಮುಗಿದಿತ್ತು, ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿಯಾಗಿತ್ತು, ಇಂಟರ್‌ವ್ಯೂ ಕಾರ್ಡು ಮಾತ್ರ ಬರುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ನಮ್ಮ ಗೇಟು ದಾಟಿ ಹೋದ ಮೇಲೆ ಇಡೀ ದಿನ ಏನು ಮಾಡುವುದೆಂದು ತಿಳಿಯದೆ ಒಳಗೂ ಹೊರಗೂ ತಿರುಗುತ್ತಿದ್ದೆ.

ನಾವಿದ್ದದ್ದು ಬಸವೇಶ್ವರನಗರದಲ್ಲಿ, ಕೆಳಗಿನ ಮನೆಯಲ್ಲಿ ಬಾಡಿಗೆಗೆ. ಮಹಡಿಯ ಮೇಲೆ ಓನರ್. ಅವರ ತಾತನ ಕಾಲದಲ್ಲಿ ಆ ಬೀದಿ ಪೂರ್ತಿ ಅವರ ರಾಗಿ ಹೊಲವಂತೆ. ಹೊಲವೆಲ್ಲ ಲೇಔಟ್ ಆಗಿ ಅವರ ಪಾಲಿಗೆ ಉಳಿದದ್ದು ಎರಡು ಮನೆ, ಒಂದು ಸೀಬೆ ಮರ, ಮತ್ತೆ ಬೆಳಗಿನಿಂದ ಸಂಜೆಯವರೆಗೆ ಮುಗಿಯದ ಬಿಡುವು. ಅವರ ಅಳಿಯ ಹಡಗಿನಲ್ಲಿ ಕೆಲಸಕ್ಕಿದ್ದರು. ಒಮ್ಮೆ ಜಪಾನಿನಿಂದ ಮಾವನಿಗೆಂದು ಒಂದು ಆಟದ ಪಿಸ್ತೂಲು ತಂದುಕೊಟ್ಟರು. ನೋಡಲು ಥೇಟ್ ನಿಜವಾದದ್ದೇ, ಹಾರುವುದು ಮಾತ್ರ ಬಟಾಣಿ ಗಾತ್ರದ ಬಿಳಿ ಪ್ಲಾಸ್ಟಿಕ್ ಗುಂಡು. ಸೀಬೆ ಮರದ ಗಿಳಿಗಳನ್ನು ಓಡಿಸಿಕೊಳ್ಳಿ ಎಂದು ಅಳಿಯ ತಮಾಷೆಗೆ ಹೇಳಿದ್ದರೋ ಏನೋ, ಓನರ್ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಪಟ್ಟಾಪಟ್ಟಿ ಚಡ್ಡಿ, ಬನಿಯನ್ನಿನಲ್ಲಿ ತಾರಸಿಯ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ಮೀಸೆ ಕಚ್ಚಿಕೊಂಡು ಗುರಿ ಇಡುತ್ತಿದ್ದರು. ಗಿಳಿಗೆ ಒಂದೂ ತಗುಲಿದ್ದು ನಾನು ಕಂಡಿಲ್ಲ. ಅಮ್ಮ ಒಣಗಲು ಹಾಕಿದ ಸೀರೆಗಳಿಗೆ ಬೇಕಾದಷ್ಟು ತಗುಲುತ್ತಿದ್ದವು.

ಆ ಪಿಸ್ತೂಲಿನ ಹಿಡಿಯೊಳಗೆ ಕೂರುವ ಮ್ಯಾಗಜೀನಿಗೆ ಗುಂಡುಗಳನ್ನು ಒಂದೊಂದಾಗಿ ಬೆರಳಿನಲ್ಲಿ ತುಂಬಬೇಕು. ನೇಗಿಲು ಹಿಡಿದ ಓನರ್ ಅವರ ಬೆರಳಿಗೆ ಅದು ಆಗದ ಮಾತು. ಅದಕ್ಕೇ ಪೆಟ್ಟಿಗೆಯಲ್ಲಿ ಒಂದು ಲೋಡರ್ ಕೂಡ ಇತ್ತು. ಅಂಗೈ ಉದ್ದದ ಕೊಳವೆ, ಮೇಲೊಂದು ಒತ್ತುವ ಕಡ್ಡಿ. ಕೊಳವೆಗೆ ಗುಂಡು ಸುರಿದು, ತುದಿಯನ್ನು ಮ್ಯಾಗಜೀನಿನ ಬಾಯಿಗೆ ಇಟ್ಟು ಕಡ್ಡಿ ಒತ್ತಿದರೆ ಗುಂಡುಗಳು ಸರಸರನೆ ಒಳಗೆ ಇಳಿಯುತ್ತಿದ್ದವು. ಇಳಿದ ಗುಂಡು ಹಿಂದಕ್ಕೆ ಚಿಮ್ಮದ ಹಾಗೆ ತಡೆಯಲು ಕೊಳವೆಯ ಬಾಯಲ್ಲಿ, ಕಪ್ಪು ಗೂಡಿನೊಳಗೆ, ಅಕ್ಕಿಕಾಳಿನಷ್ಟು ಚಿಕ್ಕ ನಾಲಿಗೆ. ಎಲ್ಲ ಇದ್ದದ್ದು ಆ ನಾಲಿಗೆಯಲ್ಲಿ. ತಂದ ಗುಂಡುಗಳೆಲ್ಲ ಬೀದಿ ಪಾಲಾದ ಮೇಲೆ ಓನರ್ ಅವರಿಗೆ ಒಂದು ಉಪಾಯ ಹೊಳೆಯಿತು. ಅಡುಗೆಮನೆಯಿಂದ ಒಂದು ಹಿಡಿ ಒಣ ಬಟಾಣಿ ತಂದು ಕೊಳವೆಗೆ ಸುರಿದು ಒತ್ತಿದರು. ಬಟಾಣಿ ಸಿಕ್ಕಿಕೊಂಡಿತು. ಇನ್ನೂ ಜೋರಾಗಿ ಒತ್ತಿದರು. ನಾಲಿಗೆ ಪಟಕ್ಕನೆ ಮುರಿಯಿತು.

ಅದನ್ನು ಹೆಗಲ ಟವೆಲ್ಲಿನಲ್ಲಿ ಸುತ್ತಿಕೊಂಡು, ಕಾಯಿಲೆ ಬಿದ್ದ ಕೋಳಿಮರಿ ತಂದ ಹಾಗೆ, ಮಹಾಲಯ ಅಮಾವಾಸ್ಯೆಯ ಸಂಜೆ ನಮ್ಮ ಮನೆಗೆ ಬಂದರು.

“ಸಾರ್, ನಮ್ಮ ಅಳೀಮಯ್ಯ ವಿಜಯದಶಮಿಗೆ ಬತ್ತಾವ್ರೆ. ಬಟಾಣಿ ಹಾಕ್ದೆ ಅಂತ ಗೊತ್ತಾದ್ರೆ ಮಾನ ಹೋಯ್ತದೆ. ನಿಮ್ ಕೈಲಿ ಆಗದ್ದು ಏನದೆ? ನೋಡಿ ಒಸಿ.”

ಅಪ್ಪ ದೊಡ್ಡ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಫಿಟ್ಟರ್. ಅರ ಹಿಡಿದು ಉಜ್ಜಿ, ಎರಡು ಲೋಹದ ತುಂಡುಗಳನ್ನು ನಡುವೆ ಬೆಳಕು ತೂರದಂತೆ ಕೂರಿಸುವುದು ಅವರ ಕೆಲಸ, ಅವರ ಅಭಿಮಾನ ಕೂಡ. ನನಗೂ ಹತ್ತು ವರ್ಷದವಳಿದ್ದಾಗಿನಿಂದಲೇ ಅರ ಹಿಡಿಯುವುದನ್ನು ಕಲಿಸಿದ್ದರು. ಹೆಣ್ಣುಹುಡುಗಿಯ ಕೈಗೆ ಅರ ಯಾಕೆ ಎಂದ ನೆಂಟರಿಗೆ “ಸೌಟು ಬೇಡ ಅಂದಿಲ್ವಲ್ಲ” ಎನ್ನುತ್ತಿದ್ದರು. ಆದರೆ ಆ ಬೇಸಿಗೆಯಿಂದ ಅವರ ಅಂಗಿಗಳು ಎಣ್ಣೆ ಕಲೆಯಿಲ್ಲದೆ ಮನೆಗೆ ಬರತೊಡಗಿದ್ದವು. ಬಟ್ಟೆ ಒಗೆಯುವ ಅಮ್ಮನಿಗೆ ಗೊತ್ತಾಗದೇ ಇರುತ್ತದೆಯೇ? ಎರಡು ವಾರ ಸುಮ್ಮನಿದ್ದು ಒಂದು ದಿನ ಕೇಳಿಯೇಬಿಟ್ಟಳು. ಬಲಗೈ ನಡುಗುತ್ತದೆಂದು ಅಪ್ಪನನ್ನು ಅರ ಉಜ್ಜುವ ಬೆಂಚಿನಿಂದ ಎತ್ತಿ ಸ್ಟೋರಿಗೆ ಹಾಕಿದ್ದರು. ಬೇರೆಯವರು ಬಂದು ಅರ ಕೇಳಿದರೆ ಎತ್ತಿ ಕೊಡುವುದು, ಸಂಜೆ ತಿರುಗಿ ಇಸಿದುಕೊಳ್ಳುವುದು. ಸಂಬಳ ಅಷ್ಟೇ ಇತ್ತು. ಅಪ್ಪ ಮಾತ್ರ ಮೊದಲಿನಷ್ಟು ಇರಲಿಲ್ಲ.

ಅವತ್ತು ಅಪ್ಪ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಪ್ಲಾಸ್ಟಿಕ್ ಬೇಡ, ಉಕ್ಕಲ್ಲೇ ಮಾಡೋಣ ಬಿಡಿ” ಎಂದರು. ಓನರ್ ಹೋದ ಮೇಲೆ ಹಳೆಯ ಅಲಾರಾಂ ಗಡಿಯಾರವನ್ನು ಬಿಚ್ಚಿ ಅದರ ಸ್ಪ್ರಿಂಗ್ ಪಟ್ಟಿ ತೆಗೆದು, ಸ್ಟವ್ ಮೇಲೆ ಕಾಯಿಸಿ ಮೆತ್ತಗೆ ಮಾಡಿ, ಜಗಲಿಯ ಮೇಲೆ, ತುಂಡನ್ನು ಕಚ್ಚಿ ಹಿಡಿಯುವ ಪುಟ್ಟ ವೈಸು ಬಿಗಿದು ಕೂತರು.

ಆ ಸಂಜೆಗಳು ನನಗೆ ಮುಳ್ಳಿನ ಮೇಲೆ ನಿಂತ ಹಾಗಿದ್ದವು. ಕಾರ್ಖಾನೆಯ ಬಸ್ಸಿನಿಂದ ಇಳಿದು ಕಾಫಿ ಕುಡಿದ ಕೂಡಲೇ ಅಪ್ಪ ಜಗಲಿಗೆ ಹೋಗುತ್ತಿದ್ದರು. ಬೆಳಕು ಇರುವಷ್ಟು ಹೊತ್ತು ಕೆಲಸ. ಮೊದಲನೆಯ ನಾಲಿಗೆಗೆ, ಅದನ್ನು ಗೂಡಿಗೆ ಸಿಕ್ಕಿಸುವ ಪಿನ್ನಿನ ತೂತು ನಡುವೆ ಬೀಳದೆ ಪಕ್ಕಕ್ಕೆ ಬಿತ್ತು. ಎರಡನೆಯದು ಉಜ್ಜಿ ಉಜ್ಜಿ ತೆಳುವಾಯಿತು. ಮೂರನೆಯದು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡುವಾಗ ಕೂದಲೆಳೆಯಷ್ಟು ಸೊಟ್ಟಗಾಯಿತು, ಗೂಡಿನಲ್ಲಿ ಕೂರಲಿಲ್ಲ. ಪ್ರತಿ ಸಲವೂ “ಇದು ಕೂರತ್ತೆ ನೋಡು” ಎಂದಿದ್ದರು. ಅವರ ಕೈ ನಡುಗಿದಾಗ ನನ್ನ ಕೈ ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ನಾನು ಅದನ್ನು ಹಿಂದಕ್ಕೆ ಎಳೆದುಕೊಂಡು, ಎದ್ದು ಗೇಟಿನವರೆಗೆ ನಡೆದು, ವಾಪಸು ಬಂದು, ಮತ್ತೆ ಕೂರುತ್ತಿದ್ದೆ.

“ಕೊಡಿ ಅಪ್ಪ, ನಾನು ಒಂದು ಕೈ ನೋಡ್ತೀನಿ” ಎಂದೆ ಒಂದು ದಿನ, ತಡೆಯಲಾರದೆ.

“ನಂಗೆ ಹೊಟ್ಟೆ ಹಸಿದ್ರೆ ನೀನು ಊಟ ಮಾಡಿದ್ರೆ ಆಗತ್ತಾ?” ಎಂದರು. ತಲೆ ಎತ್ತಲಿಲ್ಲ.

ಅದೇನು ಮಾತು ಎಂದು ನನಗೆ ಅರ್ಥವಾದದ್ದು ಸಪ್ತಮಿಯ ಸಂಜೆ. ಅಡುಗೆಮನೆಯಲ್ಲಿ ಅಪ್ಪ ಅಮ್ಮನಿಗೆ ಹೇಳುತ್ತಿದ್ದರು. ನಾನು ನೀರು ಕುಡಿಯಲು ಹೋದವಳು ಬಾಗಿಲ ಈಚೆಗೇ ನಿಂತೆ. “ಇದೊಂದು ಕೂತುಬಿಟ್ರೆ, ಹಬ್ಬ ಆದ ಮೇಲೆ ಮ್ಯಾನೇಜರ್ ಹತ್ರ ಹೋಗಿ ನೇರವಾಗಿ ಕೇಳ್ತೀನಿ. ಅಕ್ಕಿಕಾಳಷ್ಟು ಪೀಸ್ ಮಾಡಿದೀನಿ ಸಾರ್, ಬೆಂಚ್ ವಾಪಸ್ ಕೊಡಿ ಅಂತ. ಕೂರಲಿಲ್ಲ ಅಂದ್ರೆ ಅವರು ಹೇಳಿದ್ದೇ ಸರಿ. ಸ್ಟೋರಲ್ಲೇ ಇದ್ದುಬಿಡ್ತೀನಿ.” ಒಗ್ಗರಣೆ ಹಾಕಿದ ಸದ್ದು ಬಂತು.

ಅಷ್ಟು ದೊಡ್ಡ ಮಾತನ್ನು ಅಷ್ಟು ಚಿಕ್ಕ ತುಂಡಿನ ಮೇಲೆ ಕಟ್ಟುವುದೇ? ನನಗೆ ಅಪ್ಪನ ಮೇಲೆ ಸಿಟ್ಟೇ ಬಂತು. ಹೆದರಿಕೆಯೂ ಆಯಿತು.

ಅಷ್ಟಮಿಯ ಸಂಜೆ ನಾಲ್ಕನೆಯ ನಾಲಿಗೆ ಸಿದ್ಧವಾಯಿತು. ಅಪ್ಪ ಅದನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ, ಎಣ್ಣೆಗೆ ಅದ್ದಿ, ಒರೆಸಿದರು. ನೀಲಿಗಪ್ಪು ಬಣ್ಣ ಬಂದಿತ್ತು. ಗೂಡಿನಲ್ಲಿ ಕೂರಿಸಿ ನೋಡುವ ಮೊದಲೇ ಬೆಳಕು ಹೋಯಿತು, ಅಮ್ಮನೂ ಬಂದು ನಿಂತಳು. “ಸಾಮಾನೆಲ್ಲ ಕೊಡಿ, ತೊಳ್ದು ಒರೆಸಿ ಇಡ್ಬೇಕು. ನಾಳೆ ಆಯುಧಪೂಜೆ.” ಅಪ್ಪ ನಾಲಿಗೆಯನ್ನೂ, ಪಿನ್ನಿಗೆಂದು ಕತ್ತರಿಸಿಟ್ಟ ಸೂಜಿ ತುಂಡನ್ನೂ, ಬಾಲ್‌ಪೆನ್ನಿನ ಸ್ಪ್ರಿಂಗಿನ ಚೂರನ್ನೂ ಒಂದು ಬೆಂಕಿಪೊಟ್ಟಣಕ್ಕೆ ಹಾಕಿ ಮುಚ್ಚಿದರು. “ನಾಳಿದ್ದು ಬೆಳಿಗ್ಗೆ ಕದಲಿಸಿದ ಮೇಲೆ ಹಾಕೋಣ. ಓನರ್‌ಗೆ ಹತ್ತು ಗಂಟೆಗೆ ಬನ್ನಿ ಅಂತ ಹೇಳು. ಅವರ ಮುಂದೇನೇ ಕೂರಿಸ್ತೀನಿ” ಎಂದರು. ಬಹಳ ದಿನದ ಮೇಲೆ ಅವರ ಮುಖದಲ್ಲಿ ಗೆಲುವಿತ್ತು.

ಅವರ ಮುಂದೇನೇ! ಇಡೀ ಪ್ರಪಂಚದಲ್ಲಿ ನಾನು ಕೇಳಬಾರದಿದ್ದ ಮಾತು ಅದು.

ನವಮಿಯ ಬೆಳಿಗ್ಗೆ ಅಮ್ಮ ನಡುಮನೆಯಲ್ಲಿ ಮಣೆ ಹಾಕಿ ಎಲ್ಲವನ್ನೂ ಸಾಲಾಗಿ ಇಟ್ಟಳು. ಅಪ್ಪನ ಅರಗಳು, ಸುತ್ತಿಗೆ, ವೈಸು, ಅವಳ ಈಳಿಗೆಮಣೆ, ಕತ್ತರಿ, ನನ್ನ ಜಾಮಿಟ್ರಿ ಬಾಕ್ಸು. ಕೊನೆಯಲ್ಲಿ ಆ ಬೆಂಕಿಪೊಟ್ಟಣ, ಓನರ್ ಅವರ ಕೊಳವೆ. “ಗುಂಡು ಹಾರಿಸೋದಕ್ಕೆ ಬೇಕಾದ್ದು ತಾನೆ, ಎಲ್ಲಕ್ಕಿಂತ ಇದೇ ಸರಿಯಾದ ಆಯುಧ” ಎಂದು ಅದಕ್ಕೆ ಉಳಿದವಕ್ಕಿಂತ ಒಂದು ಕೈ ಹೆಚ್ಚಾಗಿಯೇ ಗಂಧ, ಕುಂಕುಮ ಕಲಸಿ ಮೆತ್ತಿದಳು. ಮಂಗಳಾರತಿ ಆಯಿತು. ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ದಿನ ಕದಲಿಸುವ ತನಕ ಮುಟ್ಟುವಂತಿಲ್ಲ. ಅವುಗಳಿಗೂ ವರ್ಷಕ್ಕೊಂದು ದಿನ ವಿಶ್ರಾಂತಿ ಬೇಡವೇ ಎನ್ನುತ್ತಾರೆ ಹಿರಿಯರು. ನನ್ನಂಥವಳಿಗೆ ಅದು ವಿಶ್ರಾಂತಿಯಲ್ಲ, ಶಿಕ್ಷೆ.

ಊಟಕ್ಕೆ ಹೋಳಿಗೆ. ಮಧ್ಯಾಹ್ನ ಅಪ್ಪ ಚಾಪೆಯ ಮೇಲೆ ಮಲಗಿದರು, ಅಮ್ಮ ಅರಿಶಿನ ಕುಂಕುಮಕ್ಕೆಂದು ಪಕ್ಕದ ಬೀದಿಗೆ ಹೋದಳು. ನಾನು ನಡುಮನೆಗೂ ಜಗಲಿಗೂ ನಡೆದೆ. ಬೀದಿಯಲ್ಲಿ ಒಡೆದ ಬೂದುಗುಂಬಳ, ಬಾಳೆಕಂದು ಕಟ್ಟಿದ ಆಟೋಗಳು, ಎಲ್ಲಾ ನಿಂತಲ್ಲೇ ನಿಂತಿದ್ದವು. ನನ್ನ ತಲೆಯೊಂದು ನಿಲ್ಲಲಿಲ್ಲ. ನಾಳೆ ಓನರ್ ಎದುರಿಗೆ ಅದು ಕೂರದಿದ್ದರೆ? ಅಪ್ಪನ ಕೈ ಎಲ್ಲರ ಕಣ್ಣೆದುರಿಗೆ ನಡುಗಿದರೆ? ಸುಮ್ಮನೆ ಒಂದು ಸಲ ಕೂರಿಸಿ ನೋಡೋಣ ಎಂದುಕೊಂಡೆ. ಕೂತರೆ ಇದ್ದ ಹಾಗೇ ಇಟ್ಟುಬಿಡುವುದು. ಎಲ್ಲಾದರೂ ಹಿಡಿದರೆ ಎರಡು ಸಲ ಅರ ಆಡಿಸಿ ಸರಿ ಮಾಡಿ ಪೊಟ್ಟಣದಲ್ಲಿ ಇಟ್ಟರೆ ನಾಳೆ ಅಪ್ಪನ ಕೈಯಲ್ಲಿ ಒಂದೇ ಏಟಿಗೆ ಕೂರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಒಳ್ಳೆಯ ಕೆಲಸವೇ ಅಲ್ಲವೇ?

ಕೊಳವೆ ತೆಗೆದುಕೊಂಡೆ. ಮೇಲಿನ ಗಂಧ ಕುಂಕುಮವನ್ನು ದಾವಣಿಯ ಸೆರಗಿನಲ್ಲಿ ಒತ್ತಿ ಒರೆಸಿದೆ. ಪೊಟ್ಟಣದಿಂದ ನಾಲಿಗೆ ತೆಗೆದು ಗೂಡಿಗೆ ಇಳಿಸಿದೆ. ಅರ್ಧ ಹೋಗಿ ನಿಂತಿತು. ಅಂದುಕೊಂಡ ಹಾಗೇ ಆಯಿತು, ನಾಲ್ಕನೆಯದೂ ತಪ್ಪಿದೆ, ಅಪ್ಪನ ಕೈ ಹೋಯಿತು. ತೆಗೆದು ನಿಧಾನವಾಗಿ ನೋಡುವಷ್ಟು ತಾಳ್ಮೆ ನನಗೆಲ್ಲಿಂದ ಬರಬೇಕು? ಇಕ್ಕಳದ ತುದಿಯಿಂದ ಒತ್ತಿದೆ. ಗಟ್ಟಿ ಮಾಡಿದ ಉಕ್ಕು ಬಗ್ಗುವುದಿಲ್ಲ. ಟಿಕ್ ಎಂದಿತು. ಕೈಯಲ್ಲಿ ಎರಡು ಚೂರು.

ಆಮೇಲೆ ನಾನು ಮಾಡಿದ್ದನ್ನೆಲ್ಲ ಓಡುತ್ತಲೇ ಮಾಡಿದೆ ಅನ್ನಿಸುತ್ತದೆ. ಚೂರುಗಳನ್ನು ಕಾಂಪೌಂಡಿನ ಆಚೆಗೆ, ಎದೆಮಟ್ಟ ಪಾರ್ಥೇನಿಯಂ ಬೆಳೆದ ಖಾಲಿ ಸೈಟಿಗೆ ಎಸೆದೆ. ಉಳಿದ ಸ್ಪ್ರಿಂಗ್ ಪಟ್ಟಿ ಹುಡುಕಿದೆ. ಪೂಜೆಯ ಸಾಲಿನಿಂದ ಅರ ಎತ್ತಿಕೊಂಡೆ, ಹಿಡಿಯ ಮೇಲಿನ ಕುಂಕುಮ ಅಳಿಸದಂತೆ ಎರಡೇ ಬೆರಳಲ್ಲಿ ಹಿಡಿದುಕೊಂಡೆ. ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತು, ಅಪ್ಪ ಎಂಟು ಸಂಜೆ ಹೆಣಗಿದ್ದನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿದೆ. ಹೇಳಬಾರದು, ಆದರೆ ಹೇಳುತ್ತೇನೆ: ಅಷ್ಟು ಬೇಗ ಆದದ್ದಕ್ಕೆ ಒಳಗೊಳಗೇ ಖುಷಿಯೂ ಆಯಿತು. ಕಾಯಿಸಿ ಗಟ್ಟಿ ಮಾಡುವ ಗೋಜಿಗೆ ಹೋಗಲಿಲ್ಲ, ಸ್ಟವ್ ಹಚ್ಚಿದರೆ ಅಪ್ಪ ಏಳುತ್ತಿದ್ದರು. ಬಣ್ಣಕ್ಕೆ ದೇವರ ದೀಪದ ಮಸಿ ಬಳಿದೆ.

ಈಗ ಕೂರಿಸಿ ನೋಡಿದೆ. ಅದೂ ಅರ್ಧಕ್ಕೇ ನಿಂತಿತು.

ಆಗ ಮೊದಲ ಸಲ ಕೊಳವೆಯನ್ನು ಬಿಸಿಲಿಗೆ ಹಿಡಿದು ಗೂಡಿನ ಒಳಗೆ ನೋಡಿದೆ. ಕೆಳಗಿನ ಅರ್ಧ ಕೆಂಪಗಿತ್ತು. ಅಮ್ಮ ಮೆತ್ತಿದ್ದ ಗಂಧ ಕುಂಕುಮ ಒಳಗೆ ಇಳಿದಿತ್ತು, ಉಳಿದದ್ದನ್ನು ನಾನೇ ಒರೆಸುವ ನೆಪದಲ್ಲಿ ಒಳಕ್ಕೆ ತುರುಕಿದ್ದೆ. ಒಣಗಿ ಗಾರೆಯಾಗಿತ್ತು. ಪಿನ್ನಿನಿಂದ ಕೆರೆದು, ನೀರು ಬಿಟ್ಟು ತೊಳೆದು ಮತ್ತೆ ಇಳಿಸಿದೆ. ಸಲೀಸಾಗಿ ಹೋಗಿ ಕೂತಿತು, ಕೂತು ಅತ್ತಿತ್ತ ಸ್ವಲ್ಪ ಅಲುಗಾಡಿತು ಕೂಡ. ನನ್ನದು ಚಿಕ್ಕದಾಗಿತ್ತು. ಅಪ್ಪನದು ಅಲುಗಾಡುತ್ತಿರಲಿಲ್ಲ. ಗೂಡಿನ ಬಾಯಿಗೆ ಇಟ್ಟಾಗ ಅದು ಎಷ್ಟು ನಯವಾಗಿ, ಎಷ್ಟು ಬಿಗಿಯಾಗಿ ಇಳಿಯಲು ಶುರುವಾಗಿತ್ತೆಂದು ಬೆರಳಿಗೆ ನೆನಪಿತ್ತು. ಅಪ್ಪನ ಕೈ ಸರಿಯಾಗಿತ್ತು. ಒಣಗಿದ ಕುಂಕುಮವನ್ನು ನಾನು ಅಪ್ಪನ ನಡುಕವೆಂದು ತಿಳಿದಿದ್ದೆ.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದನ್ನು ಚಿಕ್ಕಂದಿನಿಂದ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು. ಅವತ್ತು ಅದು ನನಗೇ ಹೇಳಿದ್ದೆಂದು ತಿಳಿಯಿತು. ಆದರೂ ನಾಲಿಗೆಯನ್ನು ಪೊಟ್ಟಣಕ್ಕೆ ಹಾಕಿ, ಕೊಳವೆಗೆ ಹೊಸ ಬೊಟ್ಟು ಇಟ್ಟು, ಎಲ್ಲವನ್ನೂ ಸಾಲಿನಲ್ಲಿ ಇಟ್ಟುಬಿಟ್ಟೆ. ಅಪ್ಪನಿಗೆ ಗೊತ್ತಾಗದಿದ್ದರೆ ಎಲ್ಲ ಸರಿಹೋಗುತ್ತದೆ, ಅವರು ಕೂರಿಸುತ್ತಾರೆ, ಮ್ಯಾನೇಜರ್ ಹತ್ತಿರ ಹೋಗುತ್ತಾರೆ. ಆ ದಿನ ಅಮ್ಮ ಮೂರು ಸಲ ಕೇಳಿದಳು, “ಏನೇ, ಕಾಲು ಸುಟ್ಟ ಬೆಕ್ಕಿನ ಹಾಗೆ ಆಡ್ತಿದೀಯ?” ಎಂದು.

ವಿಜಯದಶಮಿಯ ಬೆಳಿಗ್ಗೆ ಅಮ್ಮ ಹೂವು ಏರಿಸಿ ಆಯುಧಗಳನ್ನು ಕದಲಿಸಿದಳು. ಓನರ್ ಹತ್ತಕ್ಕೆ ಬನ್ನಿ ಎಂದರೆ ಒಂಬತ್ತಕ್ಕೇ ಬಂದು ಜಗಲಿಯ ಮೇಲೆ ಕೂತಿದ್ದರು. ಅಪ್ಪ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿದ್ದರು. ಪೊಟ್ಟಣ ತೆರೆದು ನಾಲಿಗೆಯನ್ನು ಅಂಗೈಗೆ ಹಾಕಿಕೊಂಡರು. ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಬೆರಳಿಗೆ ಮಸಿ ಹತ್ತಿತು. ಅದನ್ನು ನೋಡಿದರು. ಉಗುರಿನಿಂದ ಗೀರಿದರು, ಅರದ ಮೂಲೆ ತಾಗಿಸಿದರು, ಗಟ್ಟಿ ಉಕ್ಕಿನ ಮೇಲೆ ಜಾರಬೇಕಿದ್ದ ಅರ ಕಚ್ಚಿತು. ಆಮೇಲೆ ಕಿಟಕಿಯ ಬಳಿ ಹೋಗಿ ಬೆನ್ನು ಮಾಡಿ ನಿಂತರು. ನಡುಗುತ್ತಿದ್ದದ್ದು ಕೈ ಮಾತ್ರ, ಅವರ ಕಣ್ಣಿಗೆ ಏನೂ ಆಗಿರಲಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ.

ನನ್ನನ್ನು ಒಳಗೆ ಕರೆದರು. “ಗಟ್ಟಿ ಮಾಡಿಲ್ಲ ಇದು. ಯುಗಾದಿ ಹೊತ್ತಿಗೆ ಬಗ್ಗೋಗತ್ತೆ. ನಂದು ಎಲ್ಲಿ?”

ಎಲ್ಲವನ್ನೂ ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ. ಕುಂಕುಮ ಗಾರೆಯಾಗಿದ್ದದ್ದು, ಒತ್ತಿದ್ದು, ಮುರಿದದ್ದು, ತೊಳೆದ ಮೇಲೆ ನನ್ನದು ಅಲುಗಾಡಿದ್ದು. “ನಿಮ್ದು ಸರಿಯಾಗೇ ಇತ್ತು ಅಪ್ಪ. ನಿಮ್ಮಾಣೆಗೂ ಸರಿಯಾಗಿತ್ತು. ನಾನೇ ಹಾಳು ಮಾಡಿದೆ” ಎಂದೆ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಸಾಕಾಗಿತ್ತು. ನನ್ನ ತಲೆಯ ಮೇಲೆ ಕೈ ಇಟ್ಟರು. ಆ ಕೈಯ ನಡುಕ ನೆತ್ತಿಗೆ ಗೊತ್ತಾಗುತ್ತಿತ್ತು. “ಕೂರಲಿಲ್ಲ ಅಂತ ಹೇಳಕ್ಕೆ ಇಷ್ಟು ದೊಡ್ಡ ಕಥೆ ಬೇಕಾ ಮಗಳೇ?” ಎಂದರು. “ನಂಗೆ ಬೇಜಾರಾಗಬಾರ್ದು ಅಂತ ಮಸಿ ಬೇರೆ ಹಚ್ಚಿದೀಯ.”

“ಕಥೆ ಅಲ್ಲ ಅಪ್ಪ…”

“ಆಯ್ತು. ಹೋಗು, ಪಿನ್ ನೀನೇ ಹಾಕು. ಓನರ್ ಕಾಯ್ತಿದಾರೆ.”

ನಾನು ಪಿನ್ ಹಾಕಿದೆ. ಓನರ್ ಒತ್ತಿ ನೋಡಿ, ಒತ್ತಿ ನೋಡಿ, “ಏನ್ ಕೈ ಸಾರ್ ನಿಮ್ದು!” ಎಂದರು. “ನಂದಲ್ಲ, ಮಗಳದು” ಎಂದರು ಅಪ್ಪ. ಅದರಲ್ಲಿ ನಿಜವಾದ ಹೆಮ್ಮೆಯಿತ್ತು. ಅದನ್ನು ಕೇಳಿಸಿಕೊಂಡು ನಿಲ್ಲುವುದು ಹೇಗೆ? ನಾನು ಚಪ್ಪಲಿ ಕೂಡ ಮೆಟ್ಟದೆ ಕಾಂಪೌಂಡು ಹತ್ತಿ ಪಕ್ಕದ ಸೈಟಿಗೆ ಹಾರಿದೆ.

ಎರಡು ಚೂರು ಸಿಕ್ಕಿದ್ದರೆ ಸಾಕಿತ್ತು. ಜೋಡಿಸಿ, ತೊಳೆದ ಗೂಡಿಗೆ ಇಳಿಸಿ, ನೋಡಿ ಎನ್ನಬಹುದಿತ್ತು. ಒಂದೇ ಸಿಕ್ಕಿದ್ದರೂ ಅಪ್ಪನ ಕಣ್ಣಿಗೆ ಸಾಕಾಗುತ್ತಿತ್ತು. ಪಾರ್ಥೇನಿಯಂ ಕಿತ್ತು ಕಿತ್ತು ಎಸೆದೆ, ಕೈಯೆಲ್ಲ ದದ್ದು ಎದ್ದಿತು. ಮಂಡಿಯೂರಿ ಮಣ್ಣನ್ನು ಬೆರಳಲ್ಲಿ ಜರಡಿ ಹಿಡಿದೆ. ಮಾರನೆಯ ದಿನವೂ ಹುಡುಕಿದೆ. ಅದರ ಮಾರನೆಯ ದಿನ, ಹಬ್ಬದ ರಜೆ ಮುಗಿದು ಅಪ್ಪ ಕಾರ್ಖಾನೆಗೆ ಹೋಗಿ ಬಂದ ಸಂಜೆಯೂ ಅಲ್ಲೇ ಇದ್ದೆ. ಅವರು ಬಸ್ಸಿಳಿದು ಬರುವುದು ಗಿಡಗಳ ಸಂದಿಯಿಂದ ಕಂಡಿತು. ಮ್ಯಾನೇಜರ್ ಹತ್ತಿರ ಹೋಗಿದ್ದರಾ ಎಂದು ಕೇಳಬೇಕಾಗಿರಲಿಲ್ಲ, ನಡಿಗೆಯಲ್ಲೇ ತಿಳಿಯಿತು. ಆಮೇಲೆ ನಿವೃತ್ತಿಯವರೆಗೂ ಅವರು ಸ್ಟೋರಿನಲ್ಲೇ ಇದ್ದರು.

ಅವತ್ತು ಅಪ್ಪ ಊಟದ ಚೀಲ ಕೈಯಲ್ಲೇ ಹಿಡಿದು ಕಾಂಪೌಂಡಿನ ಬಳಿ ಬಂದು ನಿಂತರು.

“ಬಾ ಒಳಗೆ. ಹುಳ ಹುಪ್ಪಟೆ ಇರತ್ತೆ” ಎಂದರು.

ನಾನು ತಲೆ ಎತ್ತದೆ ಮಣ್ಣು ಕೆದರುತ್ತಲೇ ಇದ್ದೆ.

“ನಂಬಿದೀನಿ ಅಂದ್ಕೋ, ಬಾ” ಎಂದರು ಅಪ್ಪ.